ವೀಸಾ ನಿಮಗೆ ಬಂತು, ನಾಯಿಗೆ?



ಫೋನ್-ಇನ್ ಕಾರ್ಯಕ್ರಮದಲ್ಲಿ ಪುಣೆಯ ಕೇಳುಗರೊಬ್ಬರು ಹಾಡು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿದರು. ಕಂಪನಿಯವರು ಜರ್ಮನಿಗೆ ಕಳಿಸುತ್ತಿದ್ದಾರೆ, ಮೂರು ವಾರದಲ್ಲಿ ಹೊರಡಬೇಕು, ಮನೆಯಲ್ಲಿ ಆರು ವರ್ಷದ ಲ್ಯಾಬ್ರಡಾರ್ ಇದೆ, ಏನು ಮಾಡಲಿ? ಎರಡು ಹಾಡುಗಳ ನಡುವೆ ನಲವತ್ತು ಸೆಕೆಂಡಿನಲ್ಲಿ ಮುಗಿಯುವ ಮಾತಲ್ಲ ಅದು. ಆಮೇಲೆ ಅದೇ ಪ್ರಶ್ನೆ ಹೊತ್ತ ಪತ್ರಗಳು ಚೆನ್ನೈನಿಂದ, ಹೈದರಾಬಾದಿನಿಂದಲೂ ಬಂದವು. ಹಾಗಾಗಿ ಈ ಸಲ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮೂರು ವಾರದಲ್ಲಿ ನೀವು ಜರ್ಮನಿಗೆ ಹೋಗಬಹುದು, ನಿಮ್ಮ ನಾಯಿ ಹೋಗಲಾರದು. ಯುರೋಪಿಯನ್ ಒಕ್ಕೂಟದ ಲೆಕ್ಕದಲ್ಲಿ ಭಾರತದಿಂದ ಹೊರಡುವ ನಾಯಿಗೂ ಬೆಕ್ಕಿಗೂ ಕನಿಷ್ಠ ನಾಲ್ಕು ತಿಂಗಳು ಬೇಕು. ಕಾರಣ ಒಂದೇ, ರೇಬೀಸ್.

ಕ್ರಮ ಹೀಗಿದೆ. ಮೊದಲು ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಹಾಕಿಸಬೇಕು. ಅದರಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ. ಆಮೇಲೆ ರೇಬೀಸ್ ಲಸಿಕೆ. ಈ ಕ್ರಮದಲ್ಲೇ ನಮ್ಮವರು ಎಡವುವುದು. ‘ನಮ್ಮ ನಾಯಿಗೆ ಪ್ರತಿ ವರ್ಷ ತಪ್ಪದೆ ಇಂಜೆಕ್ಷನ್ ಆಗಿದೆ, ಕಾರ್ಡೂ ಇದೆ’ ಎನ್ನುತ್ತಾರೆ. ಆದರೆ ಚಿಪ್ಪಿಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಆ ಲಸಿಕೆ ಈ ನಾಯಿಗೇ ಹಾಕಿದ್ದು ಎಂಬುದಕ್ಕೆ ಸಾಕ್ಷಿ ಏನು ಎಂಬುದು ಅವರ ಪ್ರಶ್ನೆ. ಚಿಪ್ ಹಾಕಿಸಿ, ಮತ್ತೆ ಲಸಿಕೆ ಹಾಕಿಸಿ, ಕಾರ್ಡಿನಲ್ಲಿ ಚಿಪ್ಪಿನ ಸಂಖ್ಯೆಯನ್ನು ಬರೆಸಿಕೊಳ್ಳಬೇಕು. ಒಂದು ಅಂಕಿ ತಪ್ಪಿದರೂ ತೊಂದರೆ. ಪಕ್ಕದಲ್ಲಿ ನಿಂತು ಓದಿ ನೋಡಿ.

ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು ಟೈಟರ್ ಪರೀಕ್ಷೆಗೆ ಕಳಿಸಬೇಕು. ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯಗಳು ಎಷ್ಟಿವೆ ಎಂದು ನೋಡುವ ಪರೀಕ್ಷೆ ಇದು. ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾಸು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ರೇಬೀಸ್ ರೆಫರೆನ್ಸ್ ಪ್ರಯೋಗಾಲಯವಿದೆ. ನಮಗೆ ಹೆಮ್ಮೆಯ ಸಂಗತಿಯೇ. ಆದರೆ ನೀವು ಹೋಗುವ ದೇಶ ಒಪ್ಪುವ ಪ್ರಯೋಗಾಲಯಗಳಿಗೆ ಅದರದೇ ಪಟ್ಟಿ ಇರುತ್ತದೆ. ರಕ್ತ ತೆಗೆಸುವ ಮೊದಲು ಆ ಪಟ್ಟಿಯನ್ನು ನೋಡಿಕೊಳ್ಳಿ.

ಪರೀಕ್ಷೆ ಪಾಸಾದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ‘ಪಾಸಾದ ಮೇಲೆ ಯಾಕ್ರೀ ಕಾಯೋದು’ ಎಂದು ಎಲ್ಲರೂ ಸಿಡಿಮಿಡಿಗೊಳ್ಳುತ್ತಾರೆ. ಅದಕ್ಕೊಂದು ಕಾರಣವಿದೆ. ರೇಬೀಸ್ ಮೈ ಸೇರಿದ ಕೂಡಲೇ ಕಾಣಿಸಿಕೊಳ್ಳುವ ರೋಗವಲ್ಲ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ರಕ್ತದಲ್ಲಿ ಕಂಡ ಪ್ರತಿಕಾಯ ಲಸಿಕೆಯಿಂದ ಬಂದದ್ದೋ, ರೋಗದಿಂದಲೇ ಬಂದದ್ದೋ ಪರೀಕ್ಷೆ ಹೇಳುವುದಿಲ್ಲ. ಮೂರು ತಿಂಗಳು ಕಳೆದರೂ ನಾಯಿ ಆರೋಗ್ಯವಾಗಿದ್ದರೆ ಲಸಿಕೆಯಿಂದಲೇ ಎಂದು ನಂಬಬಹುದು.

ಇನ್ನು ಒಳ್ಳೆಯ ಸುದ್ದಿ. ಮುಂದೆ ಒಂದು ದಿನವೂ ತಪ್ಪದಂತೆ ಲಸಿಕೆ ಹಾಕಿಸುತ್ತ ಹೋದರೆ, ಯುರೋಪಿನ ನಿಯಮದಲ್ಲಿ ಒಮ್ಮೆ ಪಾಸಾದ ಟೈಟರ್ ಪರೀಕ್ಷೆ ಮತ್ತೆ ಮಾಡಿಸಬೇಕಾಗಿಲ್ಲ. ಐಟಿ ಕೆಲಸದಲ್ಲಿದ್ದು, ಯಾವತ್ತಾದರೂ ಆನ್‌ಸೈಟ್ ಕರೆ ಬರಬಹುದು ಎನ್ನುವವರು ಇವತ್ತೇ ಚಿಪ್, ಲಸಿಕೆ, ಟೈಟರ್ ಮೂರನ್ನೂ ಮುಗಿಸಿಡಬಹುದು. ಕರೆ ಬರದಿದ್ದರೂ ನಷ್ಟವಿಲ್ಲ, ನಾಯಿ ಕಳೆದುಹೋದಾಗ ಚಿಪ್ ಊರಿನಲ್ಲೂ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಮೂರು ವಾರದವರ ಗತಿ? ನೀವು ಮೊದಲು ಹೋಗಿ, ಸಂಸಾರ ಆಮೇಲೆ ನಾಯಿಯೊಂದಿಗೆ ಬರುವುದೇ ಸಲೀಸಾದ ದಾರಿ. ಯುರೋಪಿನಲ್ಲಿ ಒಡೆಯನ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ವ್ಯಾಪಾರದ ಸಾಗಣೆ ಎಂದು ಎಣಿಸಿ ಬೇರೆ ನಿಯಮ ಹಚ್ಚುತ್ತಾರೆ. ಹಾಗಾಗಿ ಯಾರ ಜೊತೆ, ಯಾವಾಗ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಿ.

ಬೇರೆ ದೇಶಗಳ ಮಾತು ಬೇರೆ. ಅಮೆರಿಕವು 2024ರ ಆಗಸ್ಟ್ 1ರಿಂದ ನಾಯಿಗಳ ನಿಯಮ ಬಿಗಿ ಮಾಡಿತು. ಭಾರತ ಅವರ ಹೆಚ್ಚು ಅಪಾಯದ ಪಟ್ಟಿಯಲ್ಲಿದೆ. ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ಭಾರತದಲ್ಲಿ ಲಸಿಕೆಯಾದ ನಾಯಿಯನ್ನು ಇಳಿದ ಮೇಲೆ ನೋಂದಾಯಿತ ಆರೈಕೆ ಕೇಂದ್ರದಲ್ಲಿ ತಪಾಸಣೆ ಮಾಡಿಸಬೇಕು. ಅಂಥ ಕೇಂದ್ರಗಳಿರುವುದು ಕೆಲವೇ ವಿಮಾನ ನಿಲ್ದಾಣಗಳಲ್ಲಿ. ಟೈಟರ್ ವರದಿ ಇಲ್ಲದಿದ್ದರೆ 28 ದಿನ ಅಲ್ಲೇ ಕ್ವಾರಂಟೈನ್, ಖರ್ಚು ನಿಮ್ಮದೇ. ಬೆಕ್ಕುಗಳಿಗೆ ಈ ನಿಯಮ ಇಲ್ಲ, ಬೆಕ್ಕು ಸಾಕಿದವರು ಅದೃಷ್ಟವಂತರು! ಆಸ್ಟ್ರೇಲಿಯಾಕ್ಕೆ ಮಾತ್ರ ಭಾರತದಿಂದ ನೇರ ಪ್ರವೇಶವೇ ಇಲ್ಲ. ನಡುವೆ ಅವರು ಒಪ್ಪಿದ ಇನ್ನೊಂದು ದೇಶದ ಮೂಲಕವೇ ಹೋಗಬೇಕು, ಆಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್‌ನಲ್ಲಿ ಕ್ವಾರಂಟೈನ್. ಸಿಂಗಾಪುರದಲ್ಲಿ ತೊಡಕು ಮನೆಯದು. ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲಿ ಒಪ್ಪಿತ ಸಣ್ಣ ತಳಿಯ ಒಂದೇ ನಾಯಿಗೆ ಅವಕಾಶ, ಲ್ಯಾಬ್ರಡಾರ್ ಆ ಪಟ್ಟಿಯಲ್ಲಿಲ್ಲ. ಬೆಕ್ಕಿಗೆ ಅನುಮತಿ ಸಿಕ್ಕಿದ್ದೇ 2024ರ ಸೆಪ್ಟೆಂಬರಿನಲ್ಲಿ. ಮುಂಬೈಯಿಂದ ಕೊಲ್ಲಿಗೆ ಹೊರಡುವ ನಮ್ಮ ಕರಾವಳಿಯವರು ಎಮಿರೇಟ್ಸ್‌ನ ಆಮದು ಪರವಾನಗಿಯನ್ನು ಮೊದಲೇ ಪಡೆದಿರಬೇಕು, ಪಿಟ್‌ಬುಲ್‌ನಂಥ ತಳಿಗಳಿಗೆ ಅಲ್ಲಿ ಬಾಗಿಲು ಮುಚ್ಚಿದೆ.

ಎಲ್ಲಿಗೆ ಹೋದರೂ ಹೊರಡುವ ಮುನ್ನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಆರೋಗ್ಯ ಪ್ರಮಾಣಪತ್ರ ಬೇಕು. ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್, ಬೆಂಗಳೂರು, ಕೋಲ್ಕತ್ತಗಳಲ್ಲಿ ಈ ಕಚೇರಿಗಳಿವೆ.

ಇಷ್ಟೆಲ್ಲ ಕಾಗದದ ಮಾತಾಯಿತು. ಕರೆದುಕೊಂಡು ಹೋಗಬಹುದು ಎಂದ ಮಾತ್ರಕ್ಕೆ ಹೋಗಲೇಬೇಕೇ? ನನ್ನನ್ನು ಕೇಳಿದರೆ ಪ್ರಾಣಿಯ ವಯಸ್ಸು, ಮೂಗು, ನಿಮ್ಮ ಅವಧಿ, ಈ ಮೂರನ್ನು ನೋಡಿ. ಪಗ್, ಬುಲ್‌ಡಾಗ್, ಶಿಹ್‌ತ್ಸು, ಪರ್ಷಿಯನ್ ಬೆಕ್ಕು ಮುಂತಾದ ಚಪ್ಪಟೆ ಮೂಗಿನವಕ್ಕೆ ಸೆಕೆಯಲ್ಲಿ, ಗಾಬರಿಯಲ್ಲಿ ಉಸಿರಾಟವೇ ಕಷ್ಟ. ಹಲವು ವಿಮಾನ ಸಂಸ್ಥೆಗಳು ಇವನ್ನು ಒಯ್ಯುವುದೇ ಇಲ್ಲ, ಅಥವಾ ಬೇಸಿಗೆಯಲ್ಲಿ ಒಯ್ಯುವುದಿಲ್ಲ. ನಿದ್ದೆ ಮಾತ್ರೆ ಕೊಟ್ಟು ಕಳಿಸೋಣ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಮಾತ್ರೆಯಿಂದ ರಕ್ತದೊತ್ತಡ ಇಳಿಯುತ್ತದೆ, ಮೈ ತೂಕ ತಪ್ಪುತ್ತದೆ, ಸರಕಿನ ಕೋಣೆಯಲ್ಲಿ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಅದರ ಬದಲು ಎರಡು ತಿಂಗಳು ಮೊದಲೇ ಪ್ರಯಾಣದ ಪೆಟ್ಟಿಗೆ ತಂದು ಮನೆಯ ಮೂಲೆಯಲ್ಲಿ ಬಾಗಿಲು ತೆರೆದಿಡಿ, ಊಟ ಅದರೊಳಗೇ ಹಾಕಿ. ಪೆಟ್ಟಿಗೆಯಲ್ಲಿ ನಾಯಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಜಾಗವಿರಬೇಕು.

ಎಂಟು ತಿಂಗಳ ಪ್ರಾಜೆಕ್ಟಿಗೆ ಹೋಗುವವರು ಒಯ್ಯದಿರುವುದೇ ಲೇಸು. ವಾಪಸು ತರಲೂ ಇದೇ ಕ್ವಾರಂಟೈನ್ ಕಚೇರಿಯ ಅನುಮತಿ ಬೇಕು, ಅದಕ್ಕೂ ಅಲೆದಾಟವಿದೆ. ಹನ್ನೆರಡು ವರ್ಷದ, ಸೊಂಟ ನೋವಿನ ನಾಯಿಯನ್ನು ಸರಕಿನ ಕೋಣೆಯಲ್ಲಿ ಹಾಕಿ ಕಳಿಸುವುದು ಪ್ರೀತಿಯೋ ನಮ್ಮ ಹಟವೋ ಎಂದು ಮನೆಮಂದಿಯೆಲ್ಲ ಕೂತು ಮಾತಾಡಬೇಕು. ಅದನ್ನು ಪರಿಚಯದವರ ಮಡಿಲಿಗೆ ಹಾಕಿ ಹೋದರೆ ದ್ರೋಹವಾಗುವುದಿಲ್ಲ.

ಆದರೆ ಯಾರ ಮಡಿಲು? ‘ಊರಿಗೆ ಬಿಡ್ತೀವಿ, ತೋಟದ ಮನೆ ಇದೆ, ಆರಾಮಾಗಿ ಓಡಾಡ್ಕೊಂಡಿರುತ್ತೆ’ ಎಂಬುದು ನಾವೆಲ್ಲ ಕೇಳಿದ ಮಾತು. ಐದನೇ ಮಹಡಿಯಲ್ಲಿ ಫ್ಯಾನಿನ ಕೆಳಗೆ ಬೆಳೆದ ನಾಯಿಗೆ ಮಲೆನಾಡಿನ ಉಣ್ಣೆ, ಜಿಗಣೆ, ರಾತ್ರಿ ಅಂಗಳಕ್ಕೇ ಬರುವ ಚಿರತೆ ಯಾವುದೂ ಗೊತ್ತಿರುವುದಿಲ್ಲ. ಬಿಡುವುದಾದರೆ ರಾತ್ರಿ ಒಳಗೆ ಕಟ್ಟುವ ಮನೆಗೇ ಬಿಡಿ. ಹೊಸ ಮನೆ ಹುಡುಕುವುದಾದರೆ ಒಂದು ತಿಂಗಳು ಮುಂಚೆ ಹುಡುಕಿ, ಎರಡು ಸಲ ರಾತ್ರಿ ತಂಗಲು ಕಳಿಸಿ ನೋಡಿ. ಹಿಂದಿನ ದಿನ ವಾಚ್‌ಮನ್ ಕೈಗೆ ಹಗ್ಗ ಕೊಟ್ಟು ಹೋಗುವವರನ್ನು ಕುರಿತು ನನಗೆ ಸೌಮ್ಯವಾಗಿ ಬರೆಯಲಾಗುವುದಿಲ್ಲ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಬರೆದ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಹೆದರಿ ಯಾರೂ ನಾಯಿ ಸಾಕುವುದಿಲ್ಲ, ಬಿಡಿ.

ಅಪ್ಪ ಅಮ್ಮನ ಬಳಿ ಬಿಟ್ಟು ಹೋಗುವವರೇ ಹೆಚ್ಚು. ಅಲ್ಲಿ ಒಂದು ಯೋಚನೆ ಮಾಡಿ. ಎಪ್ಪತ್ತು ದಾಟಿದವರಿಗೆ ಮೂವತ್ತು ಕಿಲೋ ನಾಯಿಯನ್ನು ದಿನಕ್ಕೆರಡು ಸಲ ಕೆಳಗಿಳಿಸಲಾಗುತ್ತದೆಯೇ? ಬೇಡ ಎನ್ನಲಾಗದೆ ಹೂಂ ಎಂದಿದ್ದಾರೆಯೇ? ನಡೆದಾಡಿಸಲು ಒಬ್ಬರನ್ನು ಸಂಬಳಕ್ಕೆ ಗೊತ್ತುಮಾಡಿ. ಪಶುವೈದ್ಯರಿಗೆ ಮುಂಗಡ ಹಣ ಕೊಟ್ಟು, ಲಸಿಕೆಯ ತಾರೀಖು, ಔಷಧ, ಊಟದ ಅಳತೆ ಎಲ್ಲವನ್ನೂ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಇನ್ನೊಂದು ಕಾಗದವನ್ನೂ ಬರೆದಿಡಿ, ಬರೆಯಲು ಮನಸ್ಸಾಗದ ಕಾಗದ ಅದು. ನಾಯಿಗೆ ವಾಸಿಯಾಗದ ಕಾಯಿಲೆ ಬಂದು ವೈದ್ಯರು ಇನ್ನು ನೋಯಿಸುವುದು ಬೇಡ ಎಂದಾಗ, ಫೋನಿನಲ್ಲಿ ನೀವು ಸಿಗದಿದ್ದರೆ, ಹೂಂ ಎನ್ನುವ ಹಕ್ಕು ಯಾರದು ಎಂಬುದು. ಅದನ್ನು ವಿಮಾನ ಹತ್ತುವ ಮೊದಲೇ ಅಪ್ಪನಿಗೋ ಅಮ್ಮನಿಗೋ ಬಾಯಿಬಿಟ್ಟು ಹೇಳಿ, ವೈದ್ಯರ ಬಳಿಯೂ ಒಂದು ಪ್ರತಿ ಕೊಟ್ಟಿರಿ.