ನಿಧಾನದ ಗಾಡಿ ಮುಂದೆ

ಎರಡು ವರ್ಷದಿಂದ ನಾನು ಒಂದು ವಿದ್ಯೆಯಲ್ಲಿ ಚೆನ್ನಾಗಿ ಪಳಗಿದ್ದೇನೆ. ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಎದುರಾದರೆ, ಅವರು ಬಾಯಿ ತೆರೆಯುವ ಮೊದಲೇ ಯಾವುದಾದರೂ ಬಸ್ಸಿನ ಕಡೆ ಓಡಿಬಿಡುವುದು. ಒಮ್ಮೆ ಹೀಗೇ ಓಡಿ ಕೊಳ್ಳೇಗಾಲದ ಬಸ್ ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ವಾಪಸ್ ಬಂದಿದ್ದೇನೆ. ಇಷ್ಟೆಲ್ಲ ಯಾಕೆಂದರೆ ಅವರೆಲ್ಲರ ಬಾಯಲ್ಲಿ ಇರುವುದು ಒಂದೇ ಪ್ರಶ್ನೆ: ‘ಯಾನ್ ಮೊಗ, ಕೆಲ್ಸ ಆಯ್ತಾ?’

ಬಿ.ಕಾಂ. ಮುಗಿಸಿದ ಮೇಲೆ ಪಿಡಿಒ, ಎಫ್‌ಡಿಎ, ಬ್ಯಾಂಕು ಎಂದು ಬರೆದ ಪರೀಕ್ಷೆಗಳ ಹಾಲ್ ಟಿಕೆಟ್ಟುಗಳನ್ನು ಅಮ್ಮ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎತ್ತಿಟ್ಟಿದ್ದಾಳೆ. ಅದು ಸಾಕಷ್ಟು ದಪ್ಪವಾಗಿದೆ. ಮೈಸೂರಿನ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ದಿನ ನಾನು ‘ಕಂಗ್ರಾಟ್ಸ್ ಮಗಾ’ ಎಂದೆ. ಆಮೇಲೆ ಅವನ ಫೋನ್ ಎತ್ತುವುದನ್ನೇ ಬಿಟ್ಟೆ. ಜಗಳ ಇರಲಿಲ್ಲ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ತಿಂಗಳು ಹಾಗೇ ಕಳೆಯಿತು.

ಈ ಕಥೆಯ ಇನ್ನೊಂದು ಪಾತ್ರ ನಮ್ಮ ಅಪ್ಪನ ಪ್ರೀಮಿಯರ್ ಪದ್ಮಿನಿ. 1992ರ ಮಾಡೆಲ್. ಅದರ ನಂಬರು ಕೆಎ-09 ಎಂದು ಶುರುವಾಗುತ್ತದೆ, ಅಂದರೆ ಮೈಸೂರಿನದು. ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ, ನಮ್ಮ ಕೆಎ-10 ಬಂದದ್ದೂ ಆಮೇಲೆಯೇ. ಹಾಗಾಗಿ ನಮ್ಮ ಕಾರು ನಮ್ಮ ಜಿಲ್ಲೆಗಿಂತ ಐದು ವರ್ಷ ದೊಡ್ಡದು! ಅಪ್ಪ ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ವ್ಯಾಪಾರಕ್ಕೆ ಹೋಗುತ್ತಿದ್ದುದು ಇದರಲ್ಲೇ. ಡಿಕ್ಕಿ ತೆಗೆದರೆ ಈಗಲೂ ಸಣ್ಣ ಈರುಳ್ಳಿಯ ವಾಸನೆ. 2023ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅದು ಮನೆ ಪಕ್ಕದ ಶೀಟಿನ ಕೆಳಗೆ ನಿಂತಿತು. ಕೋಳಿಗಳು ಬಾನೆಟ್ ಮೇಲೆ ಸಂಸಾರ ಹೂಡಿದವು.

ಕಳೆದ ಜುಲೈನಲ್ಲಿ ಗುಜರಿಯವರು ಬಂದು 28 ಸಾವಿರ ಎಂದರು. ನನ್ನ ಕೋಚಿಂಗ್ ಫೀಸಿಗೆ ಆಗುತ್ತದೆ ಎಂದು ಅಮ್ಮ ಲೆಕ್ಕ ಹಾಕಿದಳು. ಆದರೆ ಬ್ರೇಕ್ ಜಾಮ್ ಆಗಿ ಚಕ್ರ ತಿರುಗುತ್ತಿರಲಿಲ್ಲ. ಲಾರಿಗೆ ಹತ್ತಿಸುವುದಕ್ಕಾದರೂ ಉರುಳಬೇಕಲ್ಲ ಎಂದು ಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ. ಅವರು ಬ್ರೇಕ್ ಬಿಡಿಸಿದರು, ಪ್ಲಗ್ ಉಜ್ಜಿದರು, ಪಾಯಿಂಟಿಗೆ ಮರಳು ಕಾಗದ ತಿಕ್ಕಿದರು, ಬೇರೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದರು. ಕಪ್ಪು ಹೊಗೆ ಬಿಟ್ಟು ಕಾರು ಕೂಗಿಕೊಂಡಿತು. ಅಡುಗೆ ಮನೆಯಿಂದ ಅಮ್ಮ ಓಡಿ ಬಂದಳು. ಅವಳಿಗೆ ಆ ಸದ್ದು ಅಪ್ಪ ಮನೆಗೆ ಬಂದ ಸದ್ದು. ಗುಜರಿಯ ಮಾತು ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಅಮ್ಮ ಕಣ್ಣು ಒರೆಸಿಕೊಂಡು, ‘ಚಾಲೂ ಆದ್ರ ಇನ್ನೂ ಹೆಚ್ಗ ಕೊಟ್ಟಾರು’ ಎಂದಳು.

ಭಾಯ್ ಮಾತ್ರ, ‘ಮಾರೋದು ಯಾವಾಗ್ ಬೇಕಾದ್ರೂ ಮಾರ್ಬೋದು ಮೊಗ. ಭಾನ್ವಾರ ಬೆಳಿಗ್ಗೆ ಗಾಡಿ ತಗೊಂಡ್ ಬಾ’ ಎಂದು ಹೋದರು.

ಕ್ಲಾಸಿಕ್ ಕಾರ್ ಕ್ಲಬ್ ಎಂದರೆ ನನಗೆ ಗೊತ್ತಿದ್ದದ್ದು ಬೆಂಗಳೂರಿನ ರ‍್ಯಾಲಿಗಳ ಫೋಟೊಗಳು, ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ, ಈಗ ಶ್ರೀರಂಗಪಟ್ಟಣದ ಬಳಿ ಆಗಿರುವ ‘ಪಯಣ’. ಕನ್ನಡಿಯಂತೆ ಹೊಳೆಯುವ ಗಾಡಿಗಳು, ಪಕ್ಕದಲ್ಲಿ ಹ್ಯಾಟು ಹಾಕಿಕೊಂಡ ಯಜಮಾನರು. ನಮ್ಮೂರಿನದು ಆ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಹೆಸರಿಲ್ಲ, ಸೀಲಿಲ್ಲ, ಒಂದು ವಾಟ್ಸ್‌ಆ್ಯಪ್ ಗುಂಪು ಅಷ್ಟೆ. ನಿವೃತ್ತ ಬಸ್ ಚಾಲಕರೊಬ್ಬರ ಅಂಬಾಸಿಡರ್, ಅವರು ಎಲ್ಲರಿಗೂ ಡ್ರೈವರ್ ಮಾವ. ಗುಂಡ್ಲುಪೇಟೆಯ ಹೂವಿನ ವ್ಯಾಪಾರಿಯ ಜೀಪು. ಡ್ರಾಯಿಂಗ್ ಮೇಷ್ಟ್ರ ಯೆಜ್ಡಿ. ಅವರಪ್ಪ ಕೊಟ್ಟ ಮಾರುತಿ 800 ಅನ್ನು ಇನ್ನೂ ಓಡಿಸುವ ಸ್ಟಾಫ್ ನರ್ಸ್ ಮೇಡಂ. ಮಾರುತಿ 800 ಕ್ಲಾಸಿಕ್ ಹೌದೋ ಅಲ್ಲವೋ ಎಂಬುದು ಈ ಗುಂಪಿನ ಮುಗಿಯದ ಜಗಳ. ಮೇಡಂ ಹೇಳುವುದಿಷ್ಟೇ: ‘ಎಲ್ರ ಗಾಡೀನೂ ಕೆಟ್ಟಾಗ ಆಟೊಮೊಬೈಲ್ ಅಂಗ್ಡಿಗೆ ಓಡೋದು ಯಾವ ಗಾಡಿ?’ ಅದಕ್ಕೆ ಯಾರ ಬಳಿಯೂ ಉತ್ತರವಿಲ್ಲ.

ಮೇಷ್ಟ್ರ ಯೆಜ್ಡಿ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅದು ನಮ್ಮ ಪಕ್ಕದ ಮೈಸೂರಿನಲ್ಲೇ ತಯಾರಾದದ್ದು. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರ ಬಳಿಕ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳು ಬಂದವು. 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಲಿವರ್. ಕಿಕ್ ಹೊಡೆದು ಅದನ್ನೇ ಮುಂದಕ್ಕೆ ಮಲಗಿಸಿ ಗೇರ್ ಹಾಕಬೇಕು. ಗೊತ್ತಿಲ್ಲದವರು ಕದ್ದರೂ ಬೀದಿ ದಾಟಿಸಲಾರರು ಎಂಬುದು ಮೇಷ್ಟ್ರ ಧೈರ್ಯ. ಜುಲೈನ ಎರಡನೇ ಭಾನುವಾರ ಜಗತ್ತಿನ ಜಾವಾ–ಯೆಜ್ಡಿ ಅಭಿಮಾನಿಗಳೆಲ್ಲ ಜಾವಾ ದಿನ ಆಚರಿಸುತ್ತಾರೆ. ಆ ದಿನ ಮೇಷ್ಟ್ರ ಮನೆಯಲ್ಲಿ ಯೆಜ್ಡಿಗೆ ಹೂವಿನ ಹಾರ ಬೀಳುತ್ತದೆ. ‘ನನ್ನ ಹುಟ್ಟಿದ ದಿನಾನೇ ಇವ್ರಿಗೆ ನೆನಪಿರಲ್ಲ’ ಎನ್ನುವುದು ಅವರ ಮನೆಯವರ ದೂರು.

ಮೊದಲ ಭಾನುವಾರ ಸುವರ್ಣಾವತಿ ಡ್ಯಾಮಿನವರೆಗೆ ಹೋಗಿ ಬಂದೆವು. ಅವತ್ತು ಒಂದು ವಿಷಯ ಗಮನಿಸಿದೆ. ಆರು ಗಂಟೆ ಜೊತೆಗಿದ್ದರೂ ಯಾರೂ ನನಗೆ ಕೆಲಸದ ಬಗ್ಗೆ ಕೇಳಲಿಲ್ಲ. ಕೇಳಿದ್ದೆಲ್ಲ ಕಾರಿನ ಬಗ್ಗೆ. ‘ಆಯಿಲ್ ಕುಡೀತದಾ?’, ‘ಮೂರನೇ ಗೇರ್ ಸರಿಯಾಗಿ ಬೀಳ್ತದಾ?’ ಪದ್ಮಿನಿಯ ಗೇರು ಸ್ಟೀರಿಂಗ್ ಪಕ್ಕದಲ್ಲಿರುತ್ತದೆ. ಅಪ್ಪ ಕಲಿಸಿದ್ದನ್ನು ನನ್ನ ಎಡಗೈ ಮರೆತಿರಲಿಲ್ಲ. ಅದನ್ನು ನೋಡಿ ಡ್ರೈವರ್ ಮಾವ, ‘ಹುಡ್ಗನ ಕೈ ಚೆನ್ನಾಗದ’ ಎಂದರು. ಎರಡು ವರ್ಷದಲ್ಲಿ ನಾನು ಪಾಸಾದ ಮೊದಲ ಪರೀಕ್ಷೆ ಅದು.

ಈ ಗುಂಪಿನಲ್ಲಿ ಇರುವ ನಿಯಮ ಒಂದೇ. ಎಲ್ಲಕ್ಕಿಂತ ನಿಧಾನದ ಗಾಡಿ ಮುಂದೆ ಹೋಗಬೇಕು, ಉಳಿದವು ಅದರ ಹಿಂದೆ. ಟೂಲ್ಸ್ ಇರುವ ಭಾಯ್ ಕೊನೆಯಲ್ಲಿ. ಯಾರೂ ಹಿಂದೆ ಬೀಳದಿರಲು ಇದು ಸುಲಭದ ಉಪಾಯ. ಆಗಸ್ಟಿನಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಾಗ 1089 ಸಿಸಿಯ ನನ್ನ ಮುದುಕಿಯೇ ಮುಂದಾಳು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ 35 ಕಿ.ಮೀ. ಆಸುಪಾಸು. ಆ ತಿಂಗಳಲ್ಲಿ ಗುಂಡ್ಲುಪೇಟೆಯ ಸುತ್ತ ಚೆಂಡು ಹೂವು, ಸೂರ್ಯಕಾಂತಿ ಹೊಲಗಳು ಅರಳಿ ನಿಂತಿರುತ್ತವೆ. ಊಟಿಗೆ ಹೋಗುವವರೆಲ್ಲ ಕಾರು ನಿಲ್ಲಿಸಿ ಸೆಲ್ಫಿಗೆ ಇಳಿಯುತ್ತಾರೆ. ನಾನೂ ಒಂದು ಸೆಲ್ಫಿಯ ಕನಸು ಕಾಣುತ್ತಿದ್ದೆ. ತೆರಕಣಾಂಬಿ ದಾಟಿ ನಾಲ್ಕೈದು ಕಿ.ಮೀ. ಹೋಗುವಷ್ಟರಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

ಹಿಂದಿನವರೆಲ್ಲ ನಿಲ್ಲಿಸಿ ಇಳಿದು ಬಂದರು. ಪೆಟ್ರೋಲ್ ಬಿಸಿಯಾಗಿ ಪಂಪಿನಲ್ಲಿ ಗಾಳಿ ಕಟ್ಟಿರಬಹುದು ಎಂದು ಡ್ರೈವರ್ ಮಾವ ತಮ್ಮ ಟವೆಲ್ ಒದ್ದೆ ಮಾಡಿ ಫ್ಯುಯೆಲ್ ಪಂಪಿಗೆ ಸುತ್ತಿದರು. ಹಳೆಯ ಕಾರಿಗೆ ಇದು ಜ್ವರಕ್ಕೆ ಹಣೆಯ ಮೇಲೆ ಹಾಕುವ ಒದ್ದೆ ಬಟ್ಟೆ ಇದ್ದಂತೆ. ಹತ್ತು ನಿಮಿಷ ಕಾದರೂ ಕೇಳಲಿಲ್ಲ. ಭಾಯ್ ಪಂಪನ್ನೇ ಬಿಚ್ಚಿದರು. ಒಳಗಿನ ರಬ್ಬರ್ ಡಯಾಫ್ರಮ್ ಹರಿದಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ, ಆ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ ಎಂದರು. ಹೊಸ ಗಾಡಿಯವರಿಗೆ ಈ ತಲೆನೋವಿಲ್ಲ.

ಹೂವಿನ ಅಣ್ಣ ತಮ್ಮ ಜೀಪಿನಿಂದ ಟೋಚನ್ ಹಾಕಿ ಗುಂಡ್ಲುಪೇಟೆಯವರೆಗೆ ಎಳೆದರು. ಬೆಟ್ಟದ ಪ್ರೋಗ್ರಾಂ ಅಲ್ಲಿಗೇ ಕ್ಯಾನ್ಸಲ್. ನನಗೆ ನಾಚಿಕೆ. ನನ್ನೊಬ್ಬನ ದೆಸೆಯಿಂದ ಎಲ್ಲರ ಭಾನುವಾರ ಹಾಳಾಯಿತಲ್ಲ ಎಂದು ಮುಖ ಎತ್ತಲಾಗಲಿಲ್ಲ. ‘ಸಾರಿ’ ಎಂದೆ. ಮೇಷ್ಟ್ರು, ‘ಹೋದ ತಿಂಗಳು ನನ್ನ ಗಾಡಿ ಬಿಳಿಗಿರಿರಂಗನ ಬೆಟ್ಟದ ತಿರುವಲ್ಲಿ ಕೈಕೊಟ್ಟಿತ್ತು. ಈ ತಿಂಗಳು ನಿನ್ನದು. ಮುಂದಿನ ತಿಂಗಳು ಮಾವಂದು ಬಾಕಿ’ ಎಂದು ಸಂಬಳದ ಸರದಿಯಂತೆ ಲೆಕ್ಕ ಒಪ್ಪಿಸಿದರು. ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ನೋಡಿದರೆ, ಬೆಟ್ಟಕ್ಕೆ ಹೋಗಲಿಲ್ಲ ಎಂಬ ಬೇಸರ ಯಾರ ಮುಖದಲ್ಲೂ ಇರಲಿಲ್ಲ. ನನಗನಿಸುವ ಪ್ರಕಾರ ಇವರು ಬರುವುದೇ ಗಾಡಿ ಕೆಡಲಿ ಎಂದು.

ಹೊರಗೆ ಬಂದಾಗ ಕಾರಿನ ಪಕ್ಕ ಒಬ್ಬ ಹಿರಿಯರು ನಿಂತು ನಂಬರ್ ಪ್ಲೇಟ್ ನೋಡುತ್ತಿದ್ದರು. ತರಕಾರಿ ಮಂಡಿಯವರಂತೆ. ‘ಈ ಗಾಡಿ ನಿಮ್ಗ ಹೆಂಗ ಬಂತು?’ ಎಂದರು. ಅಪ್ಪನ ಹೆಸರು ಹೇಳಿದೆ. ಅವರು ಸ್ವಲ್ಪ ಹೊತ್ತು ಬಾನೆಟ್ ಮೇಲೆ ಕೈ ಇಟ್ಟುಕೊಂಡು ಸುಮ್ಮನಿದ್ದರು. ಆಮೇಲೆ ಹೇಳಿದರು. ಅವರ ಮಗಳಿಗೆ ಹೆರಿಗೆ ನೋವು ಬಂದ ರಾತ್ರಿ ಅಪ್ಪ ಮಂಡಿಯಲ್ಲೇ ಇದ್ದರಂತೆ. ಈರುಳ್ಳಿ ಮೂಟೆಗಳನ್ನು ರಸ್ತೆ ಬದಿಗೆ ಇಳಿಸಿ, ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿಕೊಂಡು ಮೈಸೂರಿಗೆ ಓಡಿಸಿದರಂತೆ. 60 ಕಿ.ಮೀ. ‘ಪೆಟ್ರೋಲ್ ದುಡ್ಡ ಕೊಡಕ್ಕ ಹೋದ್ರ ಬೋದ್ಬುಟ್ರು ಕಣಪ್ಪ. ಆ ಮೊಗ ಈಗ ಪಿಯುಸಿ ಓದ್ತಾ ಅದ.’

ಅಪ್ಪ ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ‘ಓ, ಅವತ್ತು ಈರುಳ್ಳಿ ಕಳ್ಳ ಹೊತ್ಕೊಂಡೋದ ಅಂದಿದ್ರು’ ಎಂದಳು. ಆಮೇಲೆ ಗುಜರಿಯ ಮಾತು ಎತ್ತಲಿಲ್ಲ.

ಕಾರನ್ನು ಹೂವಿನ ಅಣ್ಣನ ಅಂಗಳದಲ್ಲಿ ನಿಲ್ಲಿಸಿದ್ದಾಯಿತು. ಈಗ ಡಯಾಫ್ರಮ್ ಬೇಕು. ಗುಂಡ್ಲುಪೇಟೆಯಲ್ಲಿ ಇಲ್ಲ, ನಗರದಲ್ಲೂ ಇಲ್ಲ. ಪದ್ಮಿನಿ ತಯಾರಿಕೆ ನಿಂತು 20 ವರ್ಷದ ಮೇಲಾಯಿತು. ಮುಂಬೈನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿಯಿತು. ‘ಬೆಂಗ್ಳೂರಿನ ಜೆ.ಸಿ. ರೋಡಲ್ಲಿ ಸಿಗ್ತದ. ಯಾರಾದ್ರೂ ಫ್ರೆಂಡ್ಸ್ ಇದ್ರ ತರ್ಸು’ ಎಂದರು ಭಾಯ್.

ಬೆಂಗಳೂರಿನಲ್ಲಿ ನನಗಿದ್ದದ್ದು ಒಬ್ಬನೇ ಫ್ರೆಂಡು.

ಎರಡು ದಿನ ಫೋನ್ ಹಿಡಿದುಕೊಂಡು ಕೂತೆ. ‘ಕೆಲಸ ಇದ್ದಾಗ ಮಾತ್ರ ನೆನಪಾಗ್ತೀನಾ’ ಎಂದರೆ ಏನು ಹೇಳುವುದು? ಕೊನೆಗೆ ಹರಿದ ಡಯಾಫ್ರಮ್ಮಿನ ಫೋಟೊ ಕಳಿಸಿ, ‘ಇದು ಜೆ.ಸಿ. ರೋಡಲ್ಲಿ ಸಿಗುತ್ತಾ ನೋಡ್ತೀಯಾ?’ ಎಂದಷ್ಟೇ ಬರೆದೆ. ಎಂಟು ತಿಂಗಳ ಮೌನ ಮುರಿಯಲು ಇಷ್ಟು ಕೆಟ್ಟ ಮೆಸೇಜನ್ನು ಯಾರೂ ಬರೆದಿರಲಾರರು. ಒಂದು ನಿಮಿಷಕ್ಕೆ ಉತ್ತರ ಬಂತು: ‘ಇದ್ಯಾವುದೋ ಇದು, ಸುಟ್ಟ ಹಪ್ಪಳ?’

ಶನಿವಾರ ಅವನು ಅಂಗಡಿ ಅಂಗಡಿ ಅಲೆದು ಅದನ್ನು ಹುಡುಕಿದ. ಬಸ್ಸಿನಲ್ಲಿ ಪಾರ್ಸೆಲ್ ಹಾಕು ಎಂದರೆ ಕೇಳದೆ, ರಾತ್ರಿ ತಾನೇ ಗುಂಡ್ಲುಪೇಟೆಗೆ ಬಂದಿಳಿದ. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಏನು ಮಾತಾಡುವುದೆಂದು ತಿಳಿಯಲಿಲ್ಲ. ಅವನು ಪೊಟ್ಟಣ ಕೈಗಿಟ್ಟು, ‘ಮುನ್ನೂರೈವತ್ತು ಕೊಡು’ ಎಂದ. ಕೊಟ್ಟೆ. ಅಲ್ಲಿಗೆ ಸರಿಹೋಯಿತು.

ಹೂವಿನ ಅಣ್ಣನ ಮನೆಯ ಜಗಲಿಯಲ್ಲಿ ಮಲಗಿದ್ದಾಗ ಅವನು ಹೇಳಿದ. ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹಾಕಿದ್ದಾರೆ, ಕನ್ಫರ್ಮ್ ಆಗುವ ನಂಬಿಕೆ ಇಲ್ಲ, ಮನೆಯಲ್ಲಿ ಹೇಳಿಲ್ಲ, ಪಿ.ಜಿ.ಯಲ್ಲಿ ಮಾತಾಡಲು ಯಾರೂ ಇಲ್ಲ. ‘ನಿಂಗೆ ಹೇಳೋಣ ಅಂತ ಎಷ್ಟು ಸಲ ಮಾಡಿದ್ದೆ ಗೊತ್ತಾ?’ ನಾನು ಎತ್ತದೇ ಬಿಟ್ಟ ಫೋನುಗಳೆಲ್ಲ ನೆನಪಾದವು. ಅವನು ಸುಖವಾಗಿದ್ದಾನೆ ಎಂದುಕೊಂಡೇ ನಾನು ಎಂಟು ತಿಂಗಳು ಸಂಕಟಪಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಭಾಯ್ ಬಂದು ಡಯಾಫ್ರಮ್ ಹಾಕಿದರು. ಉಳಿದವರೂ ನಗರದಿಂದ ಬಂದು ಸೇರಿದರು. ಈ ಸಲ ಬೆಟ್ಟದ ಬುಡ ಮುಟ್ಟಿದೆವು. ಅಲ್ಲಿಂದ ಮೇಲಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ, ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು. ಇಷ್ಟು ಕಷ್ಟಪಟ್ಟು ಓಡಿಸಿಕೊಂಡು ಬಂದ ಗಾಡಿಗಳನ್ನೆಲ್ಲ ಕೆಳಗೆ ಬಿಟ್ಟು ಬಸ್ಸಿಗೆ ಕ್ಯೂ ನಿಂತಾಗ ಡ್ರೈವರ್ ಮಾವನ ಮುಖ ನೋಡಬೇಕಿತ್ತು. ದಾರಿಯುದ್ದಕ್ಕೂ ಆ ಬಸ್ಸಿನ ಚಾಲಕರಿಗೆ ಗೇರ್ ಹೇಳಿಕೊಡುತ್ತಲೇ ಇದ್ದರು.

ಖರ್ಚಿನ ಮಾತನ್ನೂ ಹೇಳಬೇಕು, ಇದನ್ನು ಓದಿ ಯಾರಾದರೂ ಹಳೆಯ ಕಾರು ಹುಡುಕಿ ಹೊರಟರೆ ನನ್ನ ತಲೆಗೆ ಬೇಡ. ಅಪ್ಪ 2022ರಲ್ಲಿ ಆರ್‌ಸಿ ನವೀಕರಿಸಿದ್ದರಿಂದ 2027ರವರೆಗೆ ಅವಕಾಶವಿದೆ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರಲ್ಲಿ 10 ಸಾವಿರಕ್ಕೆ ಏರಿದೆ, ಹಸಿರು ತೆರಿಗೆ ಬೇರೆ. ವಿಂಟೇಜ್ ಎನಿಸಿಕೊಂಡು ‘ವಿಎ’ ಎಂಬ ವಿಶೇಷ ನಂಬರ್ ಪಡೆಯಬೇಕಾದರೆ 2021ರ ನಿಯಮದಂತೆ ಗಾಡಿಗೆ 50 ವರ್ಷ ತುಂಬಿರಬೇಕು. ನಮ್ಮ ಪದ್ಮಿನಿಗೆ ಆ ಗೌರವ ಸಿಗುವುದು 2042ರಲ್ಲಿ. ಅಷ್ಟರೊಳಗೆ ನನಗೂ ಒಂದು ಕೆಲಸ ಸಿಕ್ಕಿರುತ್ತದೆ ಎಂದುಕೊಂಡಿದ್ದೇನೆ. ಸದ್ಯಕ್ಕೆ ಟ್ಯೂಷನ್ ಹೇಳಿ ಪೆಟ್ರೋಲ್ ಹಾಕಿಸುತ್ತೇನೆ. ಮುಂದಿನ ಪರೀಕ್ಷೆಯ ಅರ್ಜಿಯನ್ನೂ ತುಂಬಿದ್ದೇನೆ.

ಸಂಜೆ ಬೆಟ್ಟ ಇಳಿದು ಬಂದರೆ ಪದ್ಮಿನಿಯ ಬ್ಯಾಟರಿ ಡೌನ್. ಗೆಳೆಯನಿಗೆ ಏಳು ಗಂಟೆಗೆ ಬೆಂಗಳೂರಿನ ಬಸ್ಸು, ಬೆಳಿಗ್ಗೆ ಆಫೀಸು. ಅವನು ಶರ್ಟಿನ ತೋಳು ಮಡಚಿ ಹಿಂದಿನಿಂದ ತಳ್ಳತೊಡಗಿದ. ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಮೇಡಂ. ‘ಸೆಕೆಂಡ್ ಗೇರಲ್ಲಿ ಬುಡು ಮೊಗ!’ ಎಂದು ಮಾವ ಕೂಗಿದರು. ಕ್ಲಚ್ ಬಿಟ್ಟೆ. ಕಾರು ಒಮ್ಮೆ ಜಗ್ಗಿ ಚಾಲೂ ಆಯಿತು. ನಿಲ್ಲಿಸಿದರೆ ಮತ್ತೆ ಆಫ್ ಆಗುತ್ತದೆಂಬ ಭಯಕ್ಕೆ ನಾನು ಹಾಗೇ ನಿಧಾನಕ್ಕೆ ಉರುಳಿಸುತ್ತಿದ್ದೆ. ಕನ್ನಡಿಯಲ್ಲಿ ನೋಡಿದರೆ ಗೆಳೆಯ ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು, ಬಾಯಿಗೆ ಬಂದಂತೆ ಬೈಯುತ್ತಾ ಓಡಿ ಬರುತ್ತಿದ್ದ. ನಾನು ಎಡಗಡೆಯ ಬಾಗಿಲು ತೆಗೆದು ಹಿಡಿದೆ.