ಬೊಜ್ಜಿಗೆ ಪಥ್ಯವೋ, ಶಸ್ತ್ರವೋ?

ಮಳೆಯನ್ನೇ ನಂಬಿ ರಾಗಿ ಬಿತ್ತುವ ಬಯಲುಸೀಮೆಯಲ್ಲಿ ಮೈ ತುಂಬಿಕೊಂಡಿರುವುದು ಬಹುಕಾಲ ಅನುಕೂಲಸ್ಥರ ಲಕ್ಷಣವಾಗಿತ್ತು. ತವರಿಗೆ ಬಂದ ಮಗಳನ್ನು 'ಯಾಕಮ್ಮಾ, ಇಷ್ಟೊಂದು ಸೊರಗಿದ್ದೀಯಾ?' ಎಂದು ಕೇಳುವುದೇ ಅಕ್ಕರೆಯ ಮೊದಲ ಮಾತು. ಈಗ ಅದೇ ಸೀಮೆಯಲ್ಲಿ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಹುಟ್ಟಿಕೊಂಡಿದೆ: ಏರಿದ ತೂಕವನ್ನು ಇಳಿಸುವುದು ಹೇಗೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22-23 ಮಂದಿ ಅತಿತೂಕದವರಾಗಿದ್ದರು. 2019-21ರ ಹೊತ್ತಿಗೆ ಆ ಸಂಖ್ಯೆ 30ನ್ನು ದಾಟಿತು.

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಲ್ಲಿ ಇದರ ಕಾರಣಗಳು ಕಣ್ಣಿಗೆ ಕಾಣುವಂತಿವೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಉಳುವ ನೆಲ ಕಳೆದುಕೊಂಡ ಅನೇಕ ಮನೆಗಳಲ್ಲಿ ಗುದ್ದಲಿ ಹಿಡಿದಿದ್ದ ಕೈ ಕಾರಿನ ಸ್ಟೀರಿಂಗ್ ಹಿಡಿಯಿತು, ಇಲ್ಲವೇ ಕಾವಲುಗಾರನ ಕುರ್ಚಿ ಸೇರಿತು. ದೊಡ್ಡಬಳ್ಳಾಪುರದಲ್ಲಿ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದಾಗ ಕೈಕಾಲಿನ ದುಡಿಮೆಯನ್ನು ಮೋಟಾರು ವಹಿಸಿಕೊಂಡಿತು. ನೆಲಮಂಗಲದ ಹೆದ್ದಾರಿಯ ಬದಿಯಲ್ಲಿ ಗೋದಾಮುಗಳೆದ್ದವು. ಹೊಸಕೋಟೆಯಲ್ಲಿ ಬೆಳಕು ಹರಿಯುವ ಮೊದಲೇ ಬಿರಿಯಾನಿಗೆ ಸಾಲು ನಿಲ್ಲುವುದು ಹೆಸರುವಾಸಿಯಾಯಿತು. ದುಡಿಮೆ ಇಳಿಯಿತು, ಊಟ ಇಳಿಯಲಿಲ್ಲ.

ಇಳಿಸುವ ದಾರಿಗಳೂ ಇದೇ ಹೆದ್ದಾರಿಗಳಲ್ಲಿವೆ. ಬೆಂಗಳೂರಿನಿಂದ ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ ಸೀತಾರಾಮ್ ಜಿಂದಾಲ್ ಸ್ಥಾಪಿಸಿದ ಪ್ರಕೃತಿ ಚಿಕಿತ್ಸಾಲಯ 1970ರ ದಶಕದ ಕೊನೆಯಿಂದ ಇದೆ. ಧರ್ಮಸ್ಥಳದ ಸಂಸ್ಥೆಯವರು ನೆಲಮಂಗಲ ತಾಲ್ಲೂಕಿನಲ್ಲಿ ಕಟ್ಟಿದ 'ಕ್ಷೇಮವನ' 2022ರಲ್ಲಿ ಉದ್ಘಾಟನೆಯಾಯಿತು. ಇನ್ನೊಂದು ದಾರಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಶಸ್ತ್ರಕ್ರಿಯಾ ಕೊಠಡಿಗೆ ಹೋಗುತ್ತದೆ. ಜನರು ಇವೆರಡನ್ನೂ ಒಂದೇ ಊರಿಗೆ ಹೋಗುವ ಎರಡು ಬಸ್ಸುಗಳಂತೆ ಹೋಲಿಸುತ್ತಾರೆ. ಒಂದು ನಿಧಾನ, ಇನ್ನೊಂದು ವೇಗ. ಈ ಹೋಲಿಕೆಯಲ್ಲೇ ತಪ್ಪಿದೆ.

ಪಥ್ಯದ ಹಳೆಯ ಲೆಕ್ಕ

ಬೊಜ್ಜು ಹೊಸ ಕಾಯಿಲೆಯಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯ ಅತಿಸ್ಥೂಲ ಮತ್ತು ಅತಿಕೃಶ ದೇಹಗಳನ್ನು ವಿವರಿಸುತ್ತದೆ. ಸ್ಥೂಲಕಾಯರಿಗೆ ಜೀರ್ಣಕ್ಕೆ ಗುರುವಾದ, ಆದರೆ ಮೈ ಬೆಳೆಸದ ಆಹಾರವನ್ನು ಅದು ಹೇಳುತ್ತದೆ. ನವಣೆ, ಹಾರಕ, ಹೆಸರು, ಹುರುಳಿ ಅದರ ಪಟ್ಟಿಯಲ್ಲಿವೆ. ವ್ಯಾಯಾಮವನ್ನು ಒಮ್ಮೆಲೇ ಅಲ್ಲದೆ ಕ್ರಮೇಣ ಹೆಚ್ಚಿಸಬೇಕೆಂಬ ಎಚ್ಚರಿಕೆಯೂ ಅಲ್ಲಿದೆ.

ಈ ಸೀಮೆಯ ಮುದ್ದೆ, ಉಪ್ಸಾರು, ಹುರುಳಿ ಬಸ್ಸಾರಿನ ಊಟ ಆ ಮಾತಿಗೆ ಹತ್ತಿರವಾಗಿಯೇ ಇದೆ. ಆದರೆ ಮುದ್ದೆಯ ಬಗ್ಗೆ ಒಂದು ತಪ್ಪು ನಂಬಿಕೆ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲೊರಿ, ಪಾಲಿಶ್ ಮಾಡಿದ ಅಕ್ಕಿಗೆ ಸುಮಾರು 356. ಅಂತರ ಅಲ್ಪ. ನಿಜವಾದ ವ್ಯತ್ಯಾಸವಿರುವುದು ನಾರಿನಲ್ಲಿ: ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ನಾರು ಹೊಟ್ಟೆಯನ್ನು ಬೇಗ ತುಂಬಿಸುತ್ತದೆ, ಹಸಿವನ್ನು ಮುಂದೂಡುತ್ತದೆ. ಹಾಗೆಂದು ಉಳುವವನ ಅಳತೆಯ ಎರಡು ಮುದ್ದೆಯನ್ನು ಕುಳಿತು ಕೆಲಸ ಮಾಡುವವನು ಉಂಡರೆ ತೂಕ ಇಳಿಯದು.

ದೇಹದ ಹಠ

ಪಥ್ಯ ಮಾಡಿದವರೆಲ್ಲರಿಗೂ ಒಂದು ಅನುಭವ ಇದ್ದೇ ಇದೆ. ಮೊದಲ ತಿಂಗಳು ತೂಕ ಸರಸರನೆ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ, ವರ್ಷ ಕಳೆಯುವುದರೊಳಗೆ ಮತ್ತೆ ಏರುತ್ತದೆ. ಮೊದಲು ಹೋಗುವುದರಲ್ಲಿ ನೀರಿನ ಪಾಲು ದೊಡ್ಡದು. ತೂಕ ಮರಳಿದಾಗ ನೆಂಟರಿಷ್ಟರು 'ಬಾಯಿ ಕಟ್ಟಲಾಗಲಿಲ್ಲ' ಎಂದು ಹೀಯಾಳಿಸುತ್ತಾರೆ. ವಿಜ್ಞಾನ ಹೇಳುವುದು ಬೇರೆ.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಸ್ವಯಂಸೇವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಊಟ ಬಿಟ್ಟರೆ ಬೇರೆ ಯೋಚನೆ ಅವರಿಗೆ ಬರುತ್ತಿರಲಿಲ್ಲ. ಮತ್ತೆ ಊಟ ಸಿಕ್ಕಾಗ ಎಷ್ಟು ಉಂಡರೂ ತೃಪ್ತಿಯಾಗುತ್ತಿರಲಿಲ್ಲ. ಹಸಿವಿನ ರಾಯಭಾರಿಗಳಾದ ಹಾರ್ಮೋನುಗಳು ಆಮೇಲೆ ಗೊತ್ತಾದವು. ಕೊಬ್ಬಿನಿಂದ ಹೊರಡುವ ಲೆಪ್ಟಿನ್ 1994ರಲ್ಲಿ, ಜಠರದಿಂದ ಹೊರಡುವ ಗ್ರೆಲಿನ್ 1999ರಲ್ಲಿ. ಮೊದಲನೆಯದು 'ಸಾಕು' ಎನ್ನುತ್ತದೆ, ಎರಡನೆಯದು 'ಬೇಕು' ಎನ್ನುತ್ತದೆ. ತೂಕ ಇಳಿದಾಗ ಲೆಪ್ಟಿನ್ ಕುಗ್ಗಿ ಗ್ರೆಲಿನ್ ಹಿಗ್ಗುತ್ತದೆ. ಹತ್ತು ವಾರ ಕಠಿಣ ಪಥ್ಯ ಮಾಡಿದವರಲ್ಲಿ ಒಂದು ವರ್ಷದ ನಂತರವೂ ಈ ಏರುಪೇರು ಸರಿಹೋಗಿರಲಿಲ್ಲ ಎಂದು 2011ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಬರಗಾಲವನ್ನು ದಾಟಿ ಬಂದ ದೇಹಕ್ಕೆ ಪಥ್ಯವೂ ಒಂದು ಬರಗಾಲವೇ. ಇದು ದೇಹದ ಹಠವೇ ಹೊರತು ಮನಸ್ಸಿನ ದೌರ್ಬಲ್ಯವಲ್ಲ.

ಕತ್ತರಿ ಮಾಡುವ ಕೆಲಸ

ಅಯೋವಾ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಎಡ್ವರ್ಡ್ ಮೇಸನ್, ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗೇ ಉಳಿಯುವುದನ್ನು ಗಮನಿಸಿ, 1966ರಲ್ಲಿ ಬೊಜ್ಜಿಗಾಗಿಯೇ ಜಠರದ ಬೈಪಾಸ್ ಆರಂಭಿಸಿದರು. ಇದರಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಈಗ ಹೆಚ್ಚು ನಡೆಯುವ 'ಸ್ಲೀವ್' ವಿಧಾನದಲ್ಲಿ ಜಠರದ ಮುಕ್ಕಾಲು ಭಾಗವನ್ನೇ ತೆಗೆದು, ಉಳಿದುದನ್ನು ಬಾಳೆಹಣ್ಣಿನಾಕಾರದ ಕೊಳವೆಯಾಗಿ ಬಿಡುತ್ತಾರೆ.

ಹೊಟ್ಟೆ ಚಿಕ್ಕದಾಯಿತು, ಆದ್ದರಿಂದ ತೂಕ ಇಳಿಯಿತು ಎಂಬುದು ಅರ್ಧ ಸತ್ಯ. ಸ್ಲೀವ್‌ನಲ್ಲಿ ತೆಗೆಯುವ ಭಾಗವೇ ಗ್ರೆಲಿನ್‌ನ ಮುಖ್ಯ ನೆಲೆ. ಬೈಪಾಸ್‌ನಲ್ಲಿ ಆಹಾರ ಕರುಳಿನ ಕೆಳಭಾಗವನ್ನು ಬೇಗ ತಲುಪಿ, ತೃಪ್ತಿಯನ್ನೂ ಇನ್ಸುಲಿನ್ನನ್ನೂ ಹೆಚ್ಚಿಸುವ ಹಾರ್ಮೋನುಗಳನ್ನು ಎಬ್ಬಿಸುತ್ತದೆ. ಆದ್ದರಿಂದಲೇ ಅನೇಕರಲ್ಲಿ ತೂಕ ಇಳಿಯುವ ಮೊದಲೇ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುತ್ತದೆ. ದೇಹದ ಹಠವನ್ನು ಮುರಿಯುವುದೇ ಶಸ್ತ್ರದ ನಿಜವಾದ ಕೆಲಸ.

1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಅಧ್ಯಯನದಲ್ಲಿ ಶಸ್ತ್ರಕ್ರಿಯೆ ಆದವರ ತೂಕ ಹತ್ತು ವರ್ಷದ ನಂತರವೂ ಸರಾಸರಿ ನೂರಕ್ಕೆ 16ರಷ್ಟು ಕಡಿಮೆ ಇತ್ತು. ಸಾಮಾನ್ಯ ಚಿಕಿತ್ಸೆ ಪಡೆದವರ ತೂಕ ಕೊಂಚ ಏರಿತ್ತು. ಶಸ್ತ್ರಕ್ರಿಯೆ ಆದವರಲ್ಲಿ ಸಾವೂ ಕಡಿಮೆ ಎಂದು 2007ರಲ್ಲಿ ಪ್ರಕಟವಾಯಿತು.

ತೆರಬೇಕಾದ ಬೆಲೆ

ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಶಸ್ತ್ರಕ್ರಿಯೆಯಾದ 30 ದಿನಗಳೊಳಗೆ ಸಾವಿರಕ್ಕೆ ಸುಮಾರು ಮೂವರು ಸತ್ತಿದ್ದರು. ಹೊಲಿಗೆ ಸೋರುವುದು, ರಕ್ತಸ್ರಾವ ಇವೆಲ್ಲ ಸಂಭವನೀಯ. ಬದುಕಿರುವವರೆಗೂ ಬಿ-12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಮತ್ತು ರಕ್ತಪರೀಕ್ಷೆ ತಪ್ಪದು. ಯುವತಿಯರು ವರ್ಷ, ಒಂದೂವರೆ ವರ್ಷದವರೆಗೆ ಗರ್ಭಧಾರಣೆ ಮುಂದೂಡಬೇಕು. ಖಾಸಗಿ ಆಸ್ಪತ್ರೆಯಲ್ಲಿ ಖರ್ಚು ಲಕ್ಷಗಳಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದಂತೆ, ವಿಮೆ ದೊರೆಯಲು ದೇಹತೂಕ ಸೂಚಿ 40 ಇರಬೇಕು, ಇಲ್ಲವೇ 35 ಇದ್ದು ಗಂಭೀರ ಕಾಯಿಲೆ ಜೊತೆಗಿದ್ದು ಇತರ ವಿಧಾನಗಳು ವಿಫಲವಾಗಿರಬೇಕು. ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚಿ ಸಿಗುತ್ತದೆ. 160 ಸೆಂ.ಮೀ. ಎತ್ತರದವರಿಗೆ 40 ಎಂದರೆ 102 ಕಿಲೋ.

ಇನ್ನೊಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಸತ್ತದ್ದು ಕೊಬ್ಬು ತೆಗೆಸಿಕೊಳ್ಳುವ ಸೌಂದರ್ಯ ಚಿಕಿತ್ಸೆಯ ನಂತರ. ಅದು ಮೈಯ ಆಕಾರ ತಿದ್ದುವ ಕೆಲಸ. ಹಸಿವಿಗೂ ಸಕ್ಕರೆ ಕಾಯಿಲೆಗೂ ಅದು ಮದ್ದಲ್ಲ.

ಯಾರಿಗೆ ಯಾವುದು?

ಐದಾರು ಕಿಲೋ ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿರುವವರಿಗೆ ಪಥ್ಯವೇ ಬಲವಾದ ಅಸ್ತ್ರ. ಅಮೆರಿಕದ 2002ರ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷ ನಡಿಗೆ ಮತ್ತು ಮಿತ ಊಟದಿಂದ ಸಕ್ಕರೆ ಕಾಯಿಲೆ ನೂರಕ್ಕೆ 58ರಷ್ಟು ತಗ್ಗಿತು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು 28ರಷ್ಟು ತಗ್ಗಿತು, ಅದೂ ತೂಕ ಹೆಚ್ಚೇನೂ ಇಳಿಯದೆ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ನಡಿಗೆ ವ್ಯರ್ಥವಲ್ಲ. ಬ್ರಿಟನ್ನಿನಲ್ಲಿ ಆರು ವರ್ಷಗಳೊಳಗೆ ಸಕ್ಕರೆ ಕಾಯಿಲೆ ಬಂದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರ ಕೊಟ್ಟಾಗ, ವರ್ಷದ ನಂತರ ನೂರಕ್ಕೆ 46 ಮಂದಿಗೆ ಔಷಧಿಯಿಲ್ಲದೆಯೇ ಕಾಯಿಲೆ ಹಿಮ್ಮೆಟ್ಟಿತು. ಎರಡನೇ ವರ್ಷಕ್ಕೆ ಅದು 36ಕ್ಕೆ ಇಳಿಯಿತು. ಇಂಥ ಪಥ್ಯ ವೈದ್ಯರ ಕಣ್ಣಿನಡಿಯೇ ನಡೆಯಬೇಕು.

ನೂರು ಕಿಲೋ ದಾಟಿ, ಮಂಡಿ ಸವೆದು, ಸಕ್ಕರೆ ಮಿತಿಮೀರಿ, ರಾತ್ರಿ ಉಸಿರು ಕಟ್ಟುವವರಿಗೆ 'ಮುದ್ದೆ ತಿನ್ನು, ಓಡಾಡು' ಎಂಬ ಬುದ್ಧಿಮಾತು ಸಾಲದು. ಅಂಥವರು ಪ್ರಾಮಾಣಿಕವಾಗಿ ಪಥ್ಯ ಮಾಡಿಯೂ ಸೋತಿದ್ದರೆ ಶಸ್ತ್ರಕ್ರಿಯೆಯ ಮಾತೆತ್ತುವುದು ನಾಚಿಕೆಯ ವಿಷಯವಲ್ಲ. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರ ಸೂಚಿಯಿಂದಲೇ ಇದನ್ನು ಪರಿಗಣಿಸಬಹುದೆಂದಿದೆ. 2025ರಲ್ಲಿ ಭಾರತಕ್ಕೂ ಬಂದ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು ಕರುಳಿನ ಹಾರ್ಮೋನುಗಳನ್ನೇ ಅನುಕರಿಸುತ್ತವೆ. ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ.

ಶಸ್ತ್ರಕ್ರಿಯೆ ಆದವರು ಮೊದಲ ಎರಡು ವಾರ ದ್ರವದ ಮೇಲೆ, ಆಮೇಲೆ ಮೆತ್ತನೆಯ ಊಟದ ಮೇಲೆ ಇರಬೇಕು. ನಂತರ ಕಾಳು, ಮೊಟ್ಟೆ, ಮೊಸರಿನಿಂದ ದಿನಕ್ಕೆ 60 ಗ್ರಾಂ ಪ್ರೋಟೀನು ಮೊದಲು, ಮುದ್ದೆ ಆಮೇಲೆ, ಅದೂ ನಿಂಬೆಹಣ್ಣಿನ ಗಾತ್ರ. ಊಟದ ಜೊತೆ ನೀರಿಲ್ಲ, ಸಿಹಿಯಿಲ್ಲ, ನಡಿಗೆ ತಪ್ಪುವಂತಿಲ್ಲ. ಇದನ್ನು ಬಿಟ್ಟವರ ತೂಕ ಮರಳಿದ್ದುಂಟು. ಆದ್ದರಿಂದ ಹೊಲ ಅಡವಿಟ್ಟು ಆಸ್ಪತ್ರೆಗೆ ಹೊರಡುವ ಮುನ್ನ ಮನೆಯವರೆಲ್ಲ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆ 'ಪಥ್ಯವೋ, ಶಸ್ತ್ರವೋ' ಎಂಬುದಲ್ಲ. ಶಸ್ತ್ರದ ನಂತರದ ಪಥ್ಯವನ್ನು, ಮಾತ್ರೆಯನ್ನು, ವರ್ಷವರ್ಷದ ತಪಾಸಣೆಯನ್ನು ಈ ಮನೆ ಕೊನೆಯವರೆಗೂ ನಡೆಸಬಲ್ಲದೇ ಎಂಬುದು.