ಒಂದು ಅಗುಳಿನ ಸಾಕ್ಷ್ಯ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಪಾತ್ರೆಯ ಅನ್ನವನ್ನೆಲ್ಲ ಯಾರೂ ಹಿಸುಕಿ ನೋಡುವುದಿಲ್ಲ. ಒಂದು ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡಿದರೆ ಸಾಕು, ಉಳಿದುದರ ಸ್ಥಿತಿ ತಿಳಿಯುತ್ತದೆ. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಅಂಶದಿಂದ ಪೂರ್ಣವನ್ನು ಊಹಿಸುವ ಈ ಕ್ರಮವೇ ಇಂದಿನ ಸಮೀಕ್ಷೆಗಳಿಗೆಲ್ಲ ತಳಹದಿ. ಆದರೆ ಈ ನ್ಯಾಯದೊಳಗೆ ಒಂದು ಷರತ್ತು ಅಡಗಿದೆ. ಅಡುಗೆಮನೆ ಬಲ್ಲವರೆಲ್ಲ ಅದನ್ನು ಬಲ್ಲರು. ಉರಿ ಸಮನಾಗಿ ಹತ್ತದಿದ್ದರೆ ತಳದ ಅನ್ನ ಸೀದುಹೋಗಿ, ಮೇಲಿನದು ಅಕ್ಕಿಯಾಗಿಯೇ ಉಳಿದಿರುತ್ತದೆ. ಆಗ ಕೈಗೆ ಮೊದಲು ಸಿಕ್ಕ ಅಗುಳು ತನ್ನ ವಿಷಯವನ್ನಷ್ಟೇ ಹೇಳೀತು, ಪಾತ್ರೆಯ ವಿಷಯವನ್ನಲ್ಲ. ಸಮಾಜವೆಂಬ ಪಾತ್ರೆಯಾದರೋ ಎಂದೂ ಸಮನಾಗಿ ಬೆಂದದ್ದಲ್ಲ.

ಕನ್ನಡ ಪಾಠ ಹೇಳುವವನಿಗೆ ಸಂಖ್ಯಾಶಾಸ್ತ್ರದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣವುಂಟು. ಆಡುನುಡಿಯ ಬಗ್ಗೆ, ಓದಿನ ಅಭ್ಯಾಸದ ಬಗ್ಗೆ ಸಮೀಕ್ಷೆ ನಡೆಸಿ ಸಂಪ್ರಬಂಧ ಬರೆಯುವ ವಿದ್ಯಾರ್ಥಿಗಳು ನಮ್ಮ ಕನ್ನಡ ವಿಭಾಗಗಳಲ್ಲಿಯೂ ಇದ್ದಾರೆ. ‘ಕನ್ನಡ ಓದುವವರು ಕಡಿಮೆಯಾದರು’ ಎಂಬ ಮಾತಂತೂ ಸಭೆಯಿಂದ ಸಭೆಗೆ ಸಂಚರಿಸುತ್ತಿದೆ. ಆ ಮಾತು ನಿಜವಾದರೆ ದುಃಖದ ಸಂಗತಿ. ನಿಜವಲ್ಲದೆಯೂ ಅದನ್ನು ನಂಬಿ ಪ್ರಕಾಶಕರು ಪ್ರತಿಗಳನ್ನು ಕಡಿಮೆಮಾಡಿದರೆ, ಗ್ರಂಥಾಲಯಗಳು ಕೊಳ್ಳುವುದನ್ನು ನಿಲ್ಲಿಸಿದರೆ, ಅದು ಇನ್ನೂ ದೊಡ್ಡ ದುಃಖ. ಆದುದರಿಂದ ಇಂಥ ಮಾತು ಕೇಳಿದಾಗಲೆಲ್ಲ ನನಗೆ ಏಳುವ ಮೊದಲ ಪ್ರಶ್ನೆ ಒಂದೇ: ಯಾರನ್ನು ಕೇಳಿ ಹೀಗೆಂದಿರಿ?

ಹೆಚ್ಚು ಜನರನ್ನು ಕೇಳಿದರೆ ಸತ್ಯ ತಾನಾಗಿ ದೊರೆಯುತ್ತದೆ ಎಂಬುದು ಸಾಮಾನ್ಯವಾದ ಭ್ರಮೆ. ೧೯೩೬ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ ಈ ಭ್ರಮೆಗೆ ಭಾರಿ ಬೆಲೆ ತೆತ್ತಿತು. ಅಧ್ಯಕ್ಷ ಚುನಾವಣೆಯ ಫಲವನ್ನು ಮೊದಲೇ ತಿಳಿಯಲೆಂದು ಅದು ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. ೨೩ ಲಕ್ಷದಷ್ಟು ಹಿಂದಿರುಗಿ ಬಂದವು. ಅವುಗಳನ್ನು ಎಣಿಸಿ, ರೂಸ್‌ವೆಲ್ಟ್ ಸೋಲುವರು, ಲ್ಯಾಂಡನ್ ಗೆಲ್ಲುವರು ಎಂದು ಪತ್ರಿಕೆ ಸಾರಿತು. ಆದದ್ದೇನು? ೪೮ ರಾಜ್ಯಗಳ ಪೈಕಿ ೪೬ ರೂಸ್‌ವೆಲ್ಟರ ಪಾಲಾದವು. ಸುಮಾರು ೫೦ ಸಾವಿರ ಜನರನ್ನು ಮಾತ್ರ ವಿಚಾರಿಸಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರು ಯಾರೆಂಬುದನ್ನು ಸರಿಯಾಗಿಯೇ ಹೇಳಿದ್ದರು. ೧೯೩೮ರ ವೇಳೆಗೆ ‘ಡೈಜೆಸ್ಟ್’ ನಿಂತೇ ಹೋಯಿತು.

ಆ ಪತ್ರಿಕೆ ವಿಳಾಸಗಳನ್ನು ಆಯ್ದುಕೊಂಡದ್ದು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿಗಳಿಂದ, ಮೋಟಾರು ಕಾರುಗಳ ನೋಂದಣಿ ಪಟ್ಟಿಗಳಿಂದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಫೋನೂ ಕಾರೂ ಉಳ್ಳವರ ಸೊತ್ತು. ಇಲ್ಲದವರ ಹೆಸರು ಆ ಪಟ್ಟಿಗಳಲ್ಲಿ ಇರಲಿಲ್ಲ. ಇದು ಎಲ್ಲರೂ ಹೇಳುವ ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಪತ್ರ ತಲುಪಿದವರಲ್ಲಿ ಕಾಲುಭಾಗದವರೂ ಉತ್ತರಿಸಲಿಲ್ಲ. ಉತ್ತರಿಸಿದವರಲ್ಲಿ ಆಡಳಿತದ ಮೇಲೆ ಅಸಮಾಧಾನವಿದ್ದವರ ಪಾಲು ಹೆಚ್ಚು. ಕೋಪವಿದ್ದವನು ಅಂಚೆಪೆಟ್ಟಿಗೆಯವರೆಗೆ ನಡೆದು ಹೋಗುತ್ತಾನೆ. ತೃಪ್ತನಾದವನು ಕಾಗದವನ್ನು ಮೇಜಿನ ಮೇಲೆ ಬಿಟ್ಟು ಮರೆಯುತ್ತಾನೆ. ತಾವಾಗಿ ಬಂದು ಹೇಳುವವರನ್ನು ಮಾತ್ರ ಎಣಿಸುವ ಸಮೀಕ್ಷೆ ಆಸಕ್ತಿಯನ್ನು ಅಳೆಯುತ್ತದೆಯೇ ಹೊರತು ಜನಾಭಿಪ್ರಾಯವನ್ನಲ್ಲ.

ಗ್ಯಾಲಪ್ಪರಿಗೂ ಪಾಠ ಕಾದಿತ್ತು. ೧೯೪೮ರಲ್ಲಿ ಅವರೂ ಇತರ ಸಮೀಕ್ಷಕರೂ ಡ್ಯೂಯಿ ಗೆಲ್ಲುವರೆಂದರು, ಗೆದ್ದವರು ಟ್ರೂಮನ್. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಬಡವರು ಎಂದು ಪಾಲು ಗೊತ್ತುಮಾಡಿ, ಆ ಪಾಲಿನೊಳಗೆ ಯಾರನ್ನು ಕೇಳಬೇಕೆಂಬುದನ್ನು ಕ್ಷೇತ್ರಕ್ಕೆ ಹೋದವನ ವಿವೇಚನೆಗೆ ಬಿಡುವುದು ಅಂದಿನ ಪದ್ಧತಿಯಾಗಿತ್ತು. ಮನುಷ್ಯಸ್ವಭಾವ ತಿಳಿದದ್ದೇ, ಹತ್ತಿರದ ಮನೆ, ನಗುಮುಖದ ಯಜಮಾನ, ನಾಯಿಯಿಲ್ಲದ ಅಂಗಳ, ಇವುಗಳ ಕಡೆಗೇ ಕಾಲು ಎಳೆಯುತ್ತದೆ. ಮತದಾನಕ್ಕೆ ಸಾಕಷ್ಟು ಮೊದಲೇ ವಿಚಾರಣೆಯನ್ನು ನಿಲ್ಲಿಸಿದ್ದೂ ತಪ್ಪಿಗೆ ಸೇರಿಕೊಂಡಿತು. ಆಯ್ಕೆಯನ್ನು ಅದೃಷ್ಟಕ್ಕೇ ಒಪ್ಪಿಸಬೇಕು, ಪ್ರತಿಯೊಬ್ಬನಿಗೂ ಆಯ್ಕೆಯಾಗುವ ಅವಕಾಶ ಇಂತಿಷ್ಟೆಂದು ಮೊದಲೇ ಗೊತ್ತಿರಬೇಕು ಎಂಬ ಯಾದೃಚ್ಛಿಕ ಮಾದರಿಯ ತತ್ತ್ವದ ಬೆಲೆ ಇಲ್ಲಿ ತಿಳಿಯುತ್ತದೆ. ಚೀಟಿ ಎತ್ತುವುದು ಉದಾಸೀನವಲ್ಲ. ನಮ್ಮ ಒಲವಿಗೆ ನಾವೇ ಹಾಕಿಕೊಳ್ಳುವ ಕಡಿವಾಣ.

ಈ ತತ್ತ್ವವನ್ನು ನಮ್ಮ ನಾಡಿನ ಗದ್ದೆಬಯಲಿಗೆ ಇಳಿಸಿದವರು ಪ್ರಶಾಂತಚಂದ್ರ ಮಹಾಲನೋಬಿಸರು. ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಅವರು ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡಿದರು; ೧೯೫೦ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಅವರೇ ಪ್ರೇರಕರು. ಇಳುವರಿ ತಿಳಿಯಲು ಹೊಲದ ಒಂದು ತುಂಡನ್ನು ಅಳೆದು ಕೊಯ್ದು ತೂಗುವ ಕ್ರಮವುಂಟು. ಆ ತುಂಡು ತೀರ ಚಿಕ್ಕದಾದರೆ ಲೆಕ್ಕ ನಿಜಕ್ಕಿಂತ ಹೆಚ್ಚು ಬರುತ್ತದೆಂದು ಅನುಭವದಿಂದ ಕಂಡುಬಂದಿತು. ಗಡಿಯ ಮೇಲೆ ನಿಂತ ಗಿಡವನ್ನು ಒಳಕ್ಕೆ ಸೇರಿಸಿಕೊಳ್ಳುವುದೇ ಕೈಯ ಸ್ವಭಾವ. ತುಂಡು ಚಿಕ್ಕದಾದಷ್ಟೂ ಗಡಿಯ ಪಾಲು ದೊಡ್ಡದು. ಇಲ್ಲಿ ಮೋಸವಿಲ್ಲ, ದುರುದ್ದೇಶವಿಲ್ಲ. ಆದರೂ ತಪ್ಪು ಒಂದೇ ದಿಕ್ಕಿಗೆ ವಾಲಿತು. ಇಂಥ ವಾಲಿಕೆಯನ್ನು ಹಿಡಿಯಲು ಮಹಾಲನೋಬಿಸರು, ಒಂದೇ ಪ್ರದೇಶದಿಂದ ಬೇರೆ ಬೇರೆ ಉಪಮಾದರಿಗಳನ್ನು ಆಯ್ದು, ಪರಸ್ಪರ ಸಂಪರ್ಕವಿಲ್ಲದ ತಂಡಗಳಿಗೆ ಒಪ್ಪಿಸಿ, ಬಂದ ಫಲಗಳನ್ನು ಹೋಲಿಸುವ ಉಪಾಯವನ್ನು ರೂಢಿಗೆ ತಂದರು.

ಇನ್ನು ಪ್ರಶ್ನೆಯ ಮಾತು. ನಾವು ಸಾಹಿತ್ಯದವರು ಬಲ್ಲಂತೆ ಅರ್ಥ ಒಂದೇ ಆದರೂ ಪದ ಬೇರೆಯಾದರೆ ಧ್ವನಿ ಬೇರೆ. ೧೯೪೧ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನು ಅಂಕಿಗಳಲ್ಲಿಯೇ ತೋರಿಸಿತು. ಪ್ರಜಾಪ್ರಭುತ್ವಕ್ಕೆ ವಿರುದ್ಧವಾದ ಭಾಷಣಗಳಿಗೆ ‘ಅವಕಾಶ ಕೊಡಬೇಕೆ?’ ಎಂದಾಗ, ಅಭಿಪ್ರಾಯ ಹೇಳಿದವರಲ್ಲಿ ಮುಕ್ಕಾಲು ಪಾಲು ಕೊಡಬಾರದೆಂದರು. ‘ನಿಷೇಧಿಸಬೇಕೆ?’ ಎಂದಾಗ, ಹೌದೆಂದವರು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಅವಕಾಶ ಕೊಡದಿರುವುದೂ ನಿಷೇಧಿಸುವುದೂ ಫಲದಲ್ಲಿ ಒಂದೇ. ಆದರೆ ಒಂದು ಮಾತು ಮೃದು, ಇನ್ನೊಂದು ಕಠೋರ.

ಭಾಷೆಯ ಸಮೀಕ್ಷೆಗೆ ಬರೋಣ. ೧೮೯೪ರಿಂದ ೧೯೨೮ರವರೆಗೆ ಜಾರ್ಜ್ ಗ್ರಿಯರ್ಸನ್ನರ ಮುಂದಾಳುತನದಲ್ಲಿ ನಡೆದ ‘ಭಾರತದ ಭಾಷಾ ಸಮೀಕ್ಷೆ’ ಮಹತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮದರಾಸು ಆಧಿಪತ್ಯ, ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳು ಅದರ ಕ್ಷೇತ್ರಕ್ಕೆ ಹೊರಗಾಗಿದ್ದವು. ಅಂದರೆ ಕನ್ನಡ ನಾಡಿನ ಬಹುಭಾಗ ಆ ಪಟ್ಟಿಯಲ್ಲಿಯೇ ಇರಲಿಲ್ಲ. ಈ ಮಿತಿಯನ್ನು ಗ್ರಿಯರ್ಸನ್ ಮುಚ್ಚಿಡಲಿಲ್ಲ. ಮರೆಯುವವರು ಹೆಸರಿನಲ್ಲಿ ‘ಭಾರತ’ವೆಂಬುದನ್ನು ಕಂಡು ತೃಪ್ತರಾಗುವ ನಾವು. ಅಲ್ಲದೆ, ಮಾದರಿಯೆಂದು ಸಂಗ್ರಹಿಸಿದುದರಲ್ಲಿ ಮುಖ್ಯವಾದುದು ಬೈಬಲಿನ ದುಂದುಗಾರ ಮಗನ ಕಥೆಯ ಅನುವಾದ. ಅನುವಾದದ ಮಾತು ಬರಹದ ಕಡೆಗೆ ವಾಲುವುದು ಸಹಜ. ಜಗಲಿಯ ಮೇಲಿನ ಹರಟೆಯ ಕನ್ನಡ ಅದರಲ್ಲಿ ದೊರೆಯುವುದು ದುರ್ಲಭ.

ಈಗ ನಮ್ಮ ಓದುಗರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಗ್ರಂಥಾಲಯದ ಬಾಗಿಲಲ್ಲಿ ನಿಂತು ಕೇಳಿದರೆ ನಾಡೆಲ್ಲ ಓದುತ್ತಿದೆ. ಬಸ್ ನಿಲ್ದಾಣದಲ್ಲಿ ಕೇಳಿದರೆ ಯಾರಿಗೂ ಪುರಸೊತ್ತಿಲ್ಲ. ಒಂದು ತಾಲ್ಲೂಕಿನ ಮತದಾರರ ಪಟ್ಟಿಯನ್ನು ಹಿಡಿದು, ಹೆಸರುಗಳಿಗೆ ಸಂಖ್ಯೆ ಕೊಟ್ಟು, ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದಿಂದ ಆರಿಸುವುದು ಮೇಲು. ಆ ಪಟ್ಟಿಯಲ್ಲಿ ೧೮ ವರ್ಷ ತುಂಬದವರಿಲ್ಲ, ಕೂಲಿಗಾಗಿ ಊರು ಬಿಟ್ಟುಬಂದವರ ಹೆಸರು ಅನೇಕ ವೇಳೆ ಇರುವುದಿಲ್ಲ ಎಂಬುದನ್ನೂ ಬರೆದಿಡಬೇಕು. ಆರಿಸಿದ ಮನೆಗೆ ಬೀಗವಿದ್ದರೆ ಪಕ್ಕದ ಮನೆಗೆ ಹೋಗುವುದಲ್ಲ. ಎರಡನೆಯ ಸಲ, ಮೂರನೆಯ ಸಲ, ಸಂಜೆಯಲ್ಲಿ, ರಜಾದಿನದಲ್ಲಿ ಮತ್ತೆ ಹೋಗಬೇಕು. ಹಗಲೆಲ್ಲ ದುಡಿಯುವವರು ಹಗಲಿನ ಸಮೀಕ್ಷೆಗೆ ಸಿಗುವುದು ಹೇಗೆ? ಆರಿಸಿದ ಹೆಸರು ಮನೆಯೊಡತಿಯದಾಗಿದ್ದು ಉತ್ತರ ಯಜಮಾನರದಾದರೆ, ಆ ಉತ್ತರ ಲೆಕ್ಕಕ್ಕೆ ಬರಬಾರದು.

‘ನೀವು ಕನ್ನಡ ಪುಸ್ತಕ ಓದುತ್ತೀರಲ್ಲವೆ?’ ಎಂದು ಕೇಳಿದರೆ, ಬಂದ ಹುಡುಗನ ಮನಸ್ಸು ನೋಯಿಸಲಾರದೆ ಎಲ್ಲರೂ ಹೌದೆನ್ನುವರು. ‘ಕಳೆದ ೩೦ ದಿನಗಳಲ್ಲಿ ಏನೇನು ಓದಿದಿರಿ?’ ಎಂದರೆ ಉತ್ತರಕ್ಕೆ ಆಧಾರ ಬರುತ್ತದೆ. ಓದು ಎಂದರೇನೆಂಬುದೂ ಮೊದಲೇ ನಿಶ್ಚಯವಾಗಬೇಕು. ಒಬ್ಬರು ಗಮಕದಲ್ಲಿ ಕುಮಾರವ್ಯಾಸನನ್ನು ವಾಚಿಸಿ ನೂರು ಮಂದಿ ಆಲಿಸಿದರೆ ಓದಿದವರು ಒಬ್ಬರೋ ನೂರೊಬ್ಬರೋ? ದಿನಪತ್ರಿಕೆ ಓದಾಯಿತೆ? ಮೊಬೈಲಿನಲ್ಲಿ ಓದಿದ ಕಥೆ? ಇವುಗಳನ್ನು ನಿರ್ಧರಿಸದೆ ತಂದ ಶೇಕಡಾವಾರು ಅಂಕಿ, ಅಡಿಪಾಯವಿಲ್ಲದೆ ಎಬ್ಬಿಸಿದ ಗೋಡೆ.

ಇದೆಲ್ಲ ಬಹಳ ಶ್ರಮದ ಕೆಲಸವೆಂಬುದೇನೋ ದಿಟ. ನಾಡಿಗೆಲ್ಲ ಅನ್ವಯಿಸುವಂತೆ ಮಾಡಲು ವಿದ್ಯಾರ್ಥಿಯೊಬ್ಬನಿಗೆ ಹಣವೂ ಸಾಲದು, ಕಾಲವೂ ಸಾಲದು. ಆಗ ಅವನು ತನ್ನ ಮಾತಿನ ಹರವನ್ನು ಕಿರಿದುಮಾಡಬೇಕು. ‘ಕನ್ನಡಿಗರು ಓದುವುದಿಲ್ಲ’ ಎನ್ನುವ ಬದಲು, ‘ಈ ಊರಿನ ಪಟ್ಟಿಯಿಂದ ಹೀಗೆ ಆರಿಸಿದ ಇಷ್ಟು ಮಂದಿಯಲ್ಲಿ ಇಷ್ಟು ಮಂದಿ ಸಿಕ್ಕರು, ಇಷ್ಟು ಮಂದಿ ಸಿಗಲಿಲ್ಲ, ಸಿಕ್ಕವರು ಹೀಗೆಂದರು’ ಎಂದು ಬರೆದರೆ ಅದು ಚಿಕ್ಕ ಮಾತಾದರೂ ಗಟ್ಟಿಯಾದ ಮಾತು. ಸಿಗದವರ ಸಂಖ್ಯೆಯನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ಪುಟದಲ್ಲಿಯೇ ಕೊಡುವ ಸಂಪ್ರಬಂಧವನ್ನು ಪರೀಕ್ಷಕರು ಆದರದಿಂದ ಕಾಣಬೇಕು. ಕೇಳದವರ ಪರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಅವರನ್ನು ಕೇಳಲಿಲ್ಲವೆಂದು ಒಪ್ಪಿಕೊಳ್ಳುವ ಹೊಣೆ ಎಲ್ಲರಿಗೂ ಉಂಟು.